ಎರಡು ರೂಪಾಯಿ ಊಟ

ನಮ್ಮಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. 2024ರ ಮೇನಲ್ಲಿ ನಿವೃತ್ತರಾದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆಯವರಿಗೆ ಟಿಕೆಟ್ ಹರಿದುಕೊಟ್ಟ ಮನುಷ್ಯ, ವಿಮಾನ ಹತ್ತಿದ್ದು ಮಾತ್ರ ಒಂದು ಸಲವೂ ಇಲ್ಲ. ಅಮ್ಮನಿಗೆ ಕಾಶಿ ನೋಡುವ ಆಸೆ. ಹಾಗಾಗಿ 2025ರ ಯುಗಾದಿ ಮುಗಿಸಿಕೊಂಡು ಮಾರನೇ ದಿನವೇ, ಅಂದರೆ ಮಾರ್ಚ್ 31ಕ್ಕೆ, ಬೆಂಗಳೂರಿನಿಂದ ವಾರಾಣಸಿಗೆ ಮೂವರಿಗೂ ಟಿಕೆಟ್ ಬುಕ್ ಮಾಡಿದೆ. ಈ ತಾರೀಕನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಕಥೆಯೆಲ್ಲಾ ಅಲ್ಲೇ ಇದೆ.

ನನಗೆ ಇನ್ನೊಂದು ಆಸೆಯೂ ಇತ್ತು, ಹೇಳಿಕೊಳ್ಳೋಕೆ ಸ್ವಲ್ಪ ನಾಚಿಕೆ. ಅಪ್ಪ ಅಮ್ಮನನ್ನು ಏರ್‌ಪೋರ್ಟ್ ಲೌಂಜ್‌ಗೆ ಕರೆದುಕೊಂಡು ಹೋಗಬೇಕು. ಆಫೀಸ್ ಕೆಲಸಕ್ಕೆ ಓಡಾಡುವಾಗ ನಾನು ಅಲ್ಲಿ ಕೂತು ಇಡ್ಲಿ, ಉಪ್ಪಿಟ್ಟು ತಿಂದು, ಸೋಫಾ ಫೋಟೊ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಅಮ್ಮ ಅದಕ್ಕೆ ಕೈಮುಗಿಯುವ ಇಮೋಜಿ ಹಾಕಿದ್ದಳು, ಯಾಕೋ ಗೊತ್ತಿಲ್ಲ. ಈಗ ಅವರೂ ಅಲ್ಲಿ ಕೂರಬೇಕು, ಆ ಫೋಟೊ ನಾನು ತೆಗೆಯಬೇಕು. ಅಷ್ಟೇ.

ಅದಕ್ಕೆ ತಯಾರಿಯೂ ಜೋರಾಗೇ ಇತ್ತು. ನಮ್ಮಲ್ಲಿ ಲೌಂಜ್ ಪ್ರವೇಶ ಸಿಗೋದು ಬಹುಪಾಲು ಕಾರ್ಡಿನ ಮೇಲೆ. ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದವರ ಮಾತು ಬೇರೆ. ನಮ್ಮಂಥವರಿಗೆ ಕ್ರೆಡಿಟ್ ಕಾರ್ಡ್, ಇಲ್ಲವೇ ಕೆಲವು ಡೆಬಿಟ್ ಕಾರ್ಡ್. ಕಾರ್ಡಿನ ಮೇಲಿರುವ ಹೆಸರೂ ಬೋರ್ಡಿಂಗ್ ಪಾಸಿನ ಹೆಸರೂ ಒಂದೇ ಇರಬೇಕು. ಒಂದು ಕಾರ್ಡಿಗೆ ಒಬ್ಬರು. ಅದಕ್ಕೆ ನನ್ನ ಕ್ರೆಡಿಟ್ ಕಾರ್ಡಿಗೆ ಅಮ್ಮನ ಹೆಸರಲ್ಲಿ ಆ್ಯಡ್-ಆನ್ ಕಾರ್ಡ್ ಮಾಡಿಸಿದೆ. ಅಪ್ಪನ ಪೆನ್ಷನ್ ಬರುವ ಖಾತೆಯ ರುಪೇ ಡೆಬಿಟ್ ಕಾರ್ಡಿಗೆ ಮೂರು ತಿಂಗಳಿಗೊಮ್ಮೆ ಒಂದು ಲೌಂಜ್ ಇದೆ ಅಂತ ಹುಡುಕಿ ತೆಗೆದೆ. ಅಪ್ಪನಿಗೇ ಗೊತ್ತಿರಲಿಲ್ಲ.

ಹೋಗುವಾಗ ಎಲ್ಲ ಸುಸೂತ್ರ. ನಮ್ಮ ಫ್ಲೈಟ್ ಟರ್ಮಿನಲ್ 2ರಿಂದ. 2023ರ ಜನವರಿಯಿಂದ ಬಳಕೆಗೆ ಬಂದ ಈ ಟರ್ಮಿನಲ್ ಒಳಗೆ ಕಾಲಿಟ್ಟರೆ ಬಿದಿರಿನ ಚಾವಣಿ, ಮೇಲಿಂದ ಗಂಟೆಯ ಹಾಗೆ ಇಳಿಬಿಟ್ಟ ಗಿಡಗಳು. ಅಮ್ಮ ತಲೆ ಎತ್ತಿಕೊಂಡೇ ನಡೆದಳು. "ಇದಕ್ಕೆಲ್ಲ ನೀರು ಯಾರೋ ಹಾಕ್ತಾರೆ?" ಅಂತ ಮೂರು ಸಲ ಕೇಳಿದಳು. ಸೆಕ್ಯುರಿಟಿ ದಾಟಿ ಲೌಂಜ್‌ಗೆ ಹೋದೆವು. ಹೆಸರು 080, ನಮ್ಮ ಊರಿನ ಎಸ್‌ಟಿಡಿ ಕೋಡ್. ಅದನ್ನು ನೋಡಿ ಅಪ್ಪ ನಕ್ಕರು. ಒಂದು ಕಾಲಕ್ಕೆ ತಿಪಟೂರಿನಿಂದ ಬೆಂಗಳೂರಿಗೆ ಕಾಲ್ ಮಾಡೋಕೆ ಬೂತ್‌ನಲ್ಲಿ ಒತ್ತುತ್ತಿದ್ದ ನಂಬರ್ ಅದು.

ಕೌಂಟರಿನ ಹುಡುಗಿ ಮೂರು ಕಾರ್ಡನ್ನೂ ಸ್ವೈಪ್ ಮಾಡಿದಳು. ಅಪ್ಪನ ಫೋನಿಗೆ ಮೆಸೇಜ್ ಬಂತು, 2 ರೂಪಾಯಿ ಕಟ್.

"ಎರಡು ರೂಪಾಯಿಗೆ ಊಟಾನಾ?"

"ಅದು ಕಾರ್ಡ್ ಸರಿ ಇದೆಯಾ ಅಂತ ನೋಡೋಕೆ ಅಪ್ಪ. ಊಟ ಫ್ರೀ."

ಅಪ್ಪ ತಟ್ಟೆ ಹಿಡಿದು ನಿಂತರು, ಆದರೆ ಬಡಿಸಿಕೊಳ್ಳಲಿಲ್ಲ. ಮೂವತ್ತು ವರ್ಷದ ಕಂಡಕ್ಟರ್‌ಗೆ 'ಫ್ರೀ' ಅನ್ನೋ ಪದ ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯೋದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಅವರು ಇನ್ನೂ ಡ್ಯೂಟಿಯಲ್ಲಿದ್ದರು. ಹೆಂಗಸರಿಗೆ ಪ್ರಯಾಣ ಉಚಿತ, ಆದರೂ ಪ್ರತಿಯೊಬ್ಬರಿಗೂ ಶೂನ್ಯ ದರದ ಟಿಕೆಟ್ ಕೊಡಲೇಬೇಕು. ಆ ಟಿಕೆಟ್ ಲೆಕ್ಕ ಹಿಡಿದೇ ಸರ್ಕಾರ ನಿಗಮಕ್ಕೆ ದುಡ್ಡು ಕೊಡೋದು. "ಜೀರೋ ಟಿಕೆಟ್ ಅಂದ್ರೆ ಜೀರೋ ಅಲ್ಲ ಕಣಪ್ಪ, ಬಿಲ್ ಇನ್ನೆಲ್ಲೋ ಹೋಗುತ್ತೆ" ಅನ್ನೋದು ಅವರು ಮನೆಯಲ್ಲಿ ನೂರು ಸಲ ಹೇಳಿದ ಮಾತು. ಈಗ ನನ್ನನ್ನು ಕೇಳಿದರು: "ಇದರ ಬಿಲ್ ಎಲ್ಲಿಗೆ ಹೋಗುತ್ತೆ?"

ನಾನು ಉತ್ಸಾಹದಿಂದಲೇ ವಿವರಿಸಿದೆ. ನಾವು ಒಳಗೆ ಬಂದಾಗಲೆಲ್ಲ ತಲೆಗಿಷ್ಟು ಅಂತ ಬ್ಯಾಂಕ್ ಅಥವಾ ಕಾರ್ಡ್ ಕಂಪನಿ ಲೌಂಜ್‌ನವರಿಗೆ ಕೊಡುತ್ತೆ. ಬ್ಯಾಂಕಿಗೆ ದುಡ್ಡು ಎಲ್ಲಿಂದ? ನಾವು ಕಾರ್ಡ್ ಉಜ್ಜಿದಾಗ ಅಂಗಡಿಯವನು ಕೊಡುವ ಕಮಿಷನ್, ವಾರ್ಷಿಕ ಶುಲ್ಕ, ಮತ್ತೆ ಬಿಲ್ ಪೂರ್ತಿ ಕಟ್ಟದವರಿಂದ ಬರುವ ಬಡ್ಡಿ.

"ಬಡ್ಡಿ ಎಷ್ಟು?"

"ತಿಂಗಳಿಗೆ ಮೂರು, ಮೂರೂವರೆ ಪರ್ಸೆಂಟ್."

ಅಪ್ಪ ಮನಸ್ಸಲ್ಲೇ ಹನ್ನೆರಡರಿಂದ ಗುಣಿಸಿದರು ಅಂತ ಕಾಣುತ್ತೆ. "ನಲವತ್ತರ ಹತ್ತಿರ ಆಯ್ತಲ್ಲೋ! ಹಂಗಾದ್ರೆ ಯಾವನೋ ಬಡ್ಡಿ ಕಟ್ಟೋನ ಮನೆ ಊಟ ನಾವು ತಿಂತಾ ಇದೀವಿ." ಎರಡು ಇಡ್ಲಿ ತಿಂದು ಕೈ ತೊಳೆದರು. ಅಮ್ಮ ಮಾತ್ರ ನಿಶ್ಚಿಂತೆಯಿಂದ ಪೊಂಗಲ್ ಎರಡನೇ ಸಲ ಹಾಕಿಸಿಕೊಂಡು, "ರೀ, ಸುಮ್ನೆ ತಿನ್ರೀ, ಮಗ ಕರಕೊಂಡು ಬಂದಿದಾನೆ" ಅಂದಳು. ಫೋಟೊ ಚೆನ್ನಾಗಿ ಬಂತು. ಅಪ್ಪ ಅದರಲ್ಲಿ ಅತಿಥಿ ಹಾಗೆ ಕಾಣೋದಿಲ್ಲ, ಚೆಕಿಂಗ್ ಸ್ಕ್ವಾಡ್‌ನವರ ಹಾಗೆ ಕಾಣ್ತಾರೆ.

ಕಾಶಿಯ ನಾಲ್ಕು ದಿನದ ವಿಷಯ ಇಲ್ಲಿ ಬೇಡ, ಬರೆದರೆ ಅದೇ ಒಂದು ಪುಸ್ತಕ. ವಾಪಸ್ ಬರುವ ಏಪ್ರಿಲ್ 4ಕ್ಕೆ ಬರೋಣ.

ಬರುವಾಗ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಮಧ್ಯೆ ಮೂರು ಗಂಟೆ. ಊಟದ ಹೊತ್ತು. ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ, ದಿನಕ್ಕೆರಡು ಸಲ ಇನ್ಸುಲಿನ್. ಅವಳು ತಗೊಳ್ಳೋದು ಊಟಕ್ಕೆ ಅರ್ಧ ಗಂಟೆ ಮೊದಲು. ಲೌಂಜ್ ಬೋರ್ಡ್ ಕಂಡ ಕೂಡಲೇ ನಾನೇ ಹೇಳಿದೆ, "ಅಮ್ಮ, ಇಂಜೆಕ್ಷನ್ ತಗೊಂಡು ಬಾ, ಇನ್ನು ಹತ್ತಿಪ್ಪತ್ತು ನಿಮಿಷದಲ್ಲಿ ಊಟ." ಅವಳು ವಾಶ್‌ರೂಮಿಗೆ ಹೋಗಿ ತಗೊಂಡು ಬಂದಳು. ಈ ವಾಕ್ಯ ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಲೌಂಜ್ ಮುಂದೆ ಸಾಲಿತ್ತು. ರೇಷನ್ ಅಂಗಡಿ ಸಾಲಿಗೂ ಇದಕ್ಕೂ ವ್ಯತ್ಯಾಸ ಟ್ರಾಲಿ ಬ್ಯಾಗ್ ಮಾತ್ರ. 1939ರಲ್ಲಿ ನ್ಯೂಯಾರ್ಕಿನ ಲಗಾರ್ಡಿಯಾದಲ್ಲಿ ಅಮೆರಿಕನ್ ಏರ್‌ಲೈನ್ಸ್ ಅಡ್ಮಿರಲ್ಸ್ ಕ್ಲಬ್ ಅಂತ ಶುರು ಮಾಡಿದಾಗ ಕಂಪನಿಯೇ ಕರೆದ ಗಣ್ಯರಿಗಷ್ಟೇ ಒಳಗೆ ಬಿಡುತ್ತಿದ್ದರಂತೆ. ನಮ್ಮಲ್ಲೀಗ ಪರ್ಸಿನಲ್ಲಿ ಕಾರ್ಡ್ ಇರೋರೆಲ್ಲ ಗಣ್ಯರು. ನನ್ನನ್ನೂ ಸೇರಿಸಿಯೇ ಹೇಳ್ತಿದೀನಿ.

ಇಪ್ಪತ್ತೈದು ನಿಮಿಷ ಆದ ಮೇಲೆ ನಮ್ಮ ಸರದಿ ಬಂತು. ನನ್ನ ಕಾರ್ಡ್: ಅರ್ಹತೆ ಇಲ್ಲ. ಅಮ್ಮನ ಆ್ಯಡ್-ಆನ್ ಕಾರ್ಡ್: ಅರ್ಹತೆ ಇಲ್ಲ. ಅಪ್ಪನದು ಪಾಸ್, 2 ರೂಪಾಯಿ ಕಟ್.

ಆಗಿದ್ದು ಇಷ್ಟು. ಈಗ ಬಹಳಷ್ಟು ಕಾರ್ಡುಗಳಲ್ಲಿ ಹಿಂದಿನ ತ್ರೈಮಾಸಿಕದಲ್ಲಿ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಈ ತ್ರೈಮಾಸಿಕದಲ್ಲಿ ಲೌಂಜ್. ನನ್ನ ಕಾರ್ಡಿಗೆ 35,000 ರೂಪಾಯಿ. ಮಾರ್ಚ್ 31 ಅನ್ನೋದು ಜನವರಿ-ಮಾರ್ಚ್ ತ್ರೈಮಾಸಿಕದ ಕಟ್ಟಕಡೆಯ ದಿನ. ಅವತ್ತು ನೋಡಿದ್ದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಖರ್ಚು. ದೀಪಾವಳಿಗೆ ಫ್ರಿಜ್ ತಗೊಂಡಿದ್ದೆ, ಸಾಕಾಗಿತ್ತು. ಏಪ್ರಿಲ್ ಬಂದ ಕೂಡಲೇ ಲೆಕ್ಕ ಜನವರಿ-ಮಾರ್ಚ್‌ಗೆ ಹಾರಿತು. ಅದನ್ನೂ ನಾನು ನೋಡಿಕೊಂಡಿದ್ದೆ, ಎಕ್ಸೆಲ್ ಶೀಟೇ ಇತ್ತು. ಮಾರ್ಚ್ ಕೊನೆಯಲ್ಲಿ ಲೆಕ್ಕ ತುಂಬಿಸೋಕೆ ಅಂತಲೇ ಬೇಡದ ಒಂದು ಜೊತೆ ಶೂ ಕೊಂಡಿದ್ದೆ, ನಾಲ್ಕು ಸಾವಿರಕ್ಕೆ. ಆದರೆ ಕಾರ್ಡಲ್ಲಿ ಕಟ್ಟಿದ ಮನೆ ಬಾಡಿಗೆ, ವ್ಯಾಲೆಟ್‌ಗೆ ಹಾಕಿದ ದುಡ್ಡು, ಪೆಟ್ರೋಲು ಇವ್ಯಾವನ್ನೂ ಆ 35,000ಕ್ಕೆ ಸೇರಿಸೋದಿಲ್ಲ ಅನ್ನುವ ಸಾಲು ಷರತ್ತುಗಳ ಕೆಳಗೆ ಎಲ್ಲೋ ಇತ್ತು. ತಪ್ಪು ಬ್ಯಾಂಕಿನದಲ್ಲ. ದಿನವಿಡೀ ಬೇರೆಯವರ ಕೋಡ್‌ನಲ್ಲಿ ಬೌಂಡರಿ ಕೇಸ್ ಟೆಸ್ಟ್ ಮಾಡಿದ್ದೀರಾ ಅಂತ ಕೇಳುವವನು ನಾನು.

ಅಪ್ಪನ ಡೆಬಿಟ್ ಕಾರ್ಡಿಗೆ ಮಾತ್ರ ಹೊಸ ತ್ರೈಮಾಸಿಕ, ಹೊಸ ಊಟ. ಒಳಗೆ ಹೋಗೋಕೆ ಇಷ್ಟವೇ ಇಲ್ಲದ ಮನುಷ್ಯನಿಗೆ ಮಾತ್ರ ಬಾಗಿಲು ತೆರೆದಿತ್ತು!

"ನನ್ನ ಊಟ ಇವಳಿಗೆ ಕೊಡಿ" ಅಂದರು ಅಪ್ಪ, ಹಿಂದಿಯಲ್ಲೋ ಕನ್ನಡದಲ್ಲೋ ಗೊತ್ತಾಗದ ಭಾಷೆಯಲ್ಲಿ. ಕೌಂಟರಿನವನು ಹೆಸರು ಬೇರೆ ಇದೆ, ಆಗೋದಿಲ್ಲ ಅಂದ. ಅಪ್ಪ ವಾದ ಮಾಡಲಿಲ್ಲ. ಬಸ್ ಪಾಸನ್ನು ಇನ್ನೊಬ್ಬರಿಗೆ ಕೊಟ್ಟು ಸಿಕ್ಕಿಬಿದ್ದ ಹುಡುಗರಿಗೆ ಇದನ್ನೇ ಅವರೂ ಹೇಳಿದವರು. ನಾನು ಮಾತ್ರ ಬಿಡಲಿಲ್ಲ. ದುಡ್ಡು ಕೊಟ್ಟು ಹೋಗ್ತೀವಿ ಅಂದೆ. ಈಗ ಭರ್ತಿಯಾಗಿದೆ, ದುಡ್ಡು ಕೊಡೋರನ್ನ ಸದ್ಯಕ್ಕೆ ತಗೊಳ್ತಿಲ್ಲ ಅಂದ. ಇನ್ನೊಂದು ಕಾರ್ಡ್ ತೆಗೆದೆ, ಆ್ಯಪ್ ತೆರೆದೆ, ಓಟಿಪಿ ಬರಲಿಲ್ಲ, ಮತ್ತೆ ಒತ್ತಿದೆ. ಹಿಂದಿನವರು ಗೊಣಗುತ್ತಿದ್ದರು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಅಪ್ಪ ನನ್ನ ತೋಳು ಹಿಡಿದು ಎಳೆದರು.

"ಮೊದ್ಲು ಅಮ್ಮನ್ನ ನೋಡೋ."

ಅಮ್ಮ ಕುರ್ಚಿಯಲ್ಲಿ ಕೂತಿದ್ದಳು. ಅಷ್ಟು ಜೋರು ಏಸಿಯಲ್ಲೂ ಹಣೆ, ಕತ್ತು ಎಲ್ಲ ಬೆವರು. ಸೆರಗಿನ ತುದಿ ಹಿಡಿದಿದ್ದ ಕೈ ನಡುಗುತ್ತಿತ್ತು. "ಏನಿಲ್ಲ, ಸ್ವಲ್ಪ ಕಣ್ಣು ಕತ್ತಲೆ" ಅಂದಳು. ಮಾತು ತೊದಲಿತು.

ಅಪ್ಪ ಆಗಲೇ ಕೈಚೀಲದ ಜಿಪ್ ಎಳೆದಿದ್ದರು. ಅದರಲ್ಲಿ ಊರಿನವರಿಗೆ ಹಂಚೋಕೆ ಅಂತ ತಂದ ಕಾಶಿಯ ಪೇಡಾ, ಆರು ಡಬ್ಬಿ. ಒಂದರ ದಾರ ಹಲ್ಲಲ್ಲಿ ಕಚ್ಚಿ ಹರಿದರು. ಅಮ್ಮ ಆ ಸ್ಥಿತಿಯಲ್ಲೂ ತಲೆ ಅಲ್ಲಾಡಿಸಿದಳು, ಮನೆ ದೇವರ ಮುಂದೆ ಇಡದೆ ತಿನ್ನೋದು ಹೇಗೆ ಅಂತ. "ತಿನ್ನೇ ಸುಮ್ನೆ" ಅಂತ ಅಪ್ಪ ಗದರಿದ್ದನ್ನು ನಾನು ಜೀವನದಲ್ಲಿ ಮೊದಲ ಸಲ ಕೇಳಿದ್ದು. ನಾನು ಎದುರಿನ ಅಂಗಡಿಗೆ ಓಡಿ ಮಾವಿನ ಜ್ಯೂಸ್ ತಂದೆ. ಅರ್ಧ ಬಾಟಲಿ ಕುಡಿದಳು. ಹದಿನೈದು ನಿಮಿಷಕ್ಕೆ ಬೆವರು ನಿಂತಿತು, ಇಪ್ಪತ್ತಕ್ಕೆ "ನನ್ನ ಚಪ್ಪಲಿ ಎಲ್ಲಿ?" ಅಂತ ಕೇಳಿದಳು. ಕಾಲಲ್ಲೇ ಇತ್ತು.

ಊರಿಗೆ ಬಂದ ಮೇಲೆ ಡಾಕ್ಟರ್ ಹೇಳಿದ್ದು: ಇಂಥ ಹೊತ್ತಲ್ಲಿ ಪೇಡಾಕ್ಕಿಂತ ಮೊದಲು ಜ್ಯೂಸ್, ಗ್ಲೂಕೋಸ್ ಅಥವಾ ಸಕ್ಕರೆ ನೀರು. ಪೇಡಾದಲ್ಲಿ ಜಿಡ್ಡು ಇರೋದರಿಂದ ಸಕ್ಕರೆ ರಕ್ತಕ್ಕೆ ಸೇರೋದು ನಿಧಾನ. ಮೂರು ಚಮಚ ಸಕ್ಕರೆಯಷ್ಟು ಕೊಡಿ, ಹದಿನೈದು ನಿಮಿಷ ಕಾಯಿರಿ, ಸರಿಹೋಗದಿದ್ದರೆ ಮತ್ತೆ ಅಷ್ಟೇ ಕೊಡಿ, ಆಮೇಲೆ ಊಟ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಸಹಾಯಕ್ಕೆ ಕೂಗಬೇಕು. ಮುಖ್ಯವಾಗಿ, ತಟ್ಟೆ ಕಣ್ಣಿಗೆ ಕಾಣೋ ತನಕ ಪ್ರಯಾಣದಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳೋ ಆತುರ ಬೇಡ. ಇದನ್ನು ಹೇಳುವಾಗ ಡಾಕ್ಟರ್ ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಅವತ್ತು ಊಟ ಆಗಿದ್ದು ಫುಡ್ ಕೋರ್ಟ್‌ನಲ್ಲಿ. ಸಾಲಿನಲ್ಲಿ ನಿಲ್ಲುವ ಮೊದಲೇ ಅಲ್ಲಿಗೆ ಹೋಗಬಹುದಿತ್ತು, ನಲವತ್ತು ಹೆಜ್ಜೆ ದೂರ. ಮೂವರಿಗೂ ಸೇರಿ 900 ಚಿಲ್ಲರೆ ಆಯಿತು. ಬೇಡದ ಶೂ ದುಡ್ಡಲ್ಲಿ ಇಂಥ ನಾಲ್ಕು ಊಟ. ಅಪ್ಪ ಈ ಸಲ ತಟ್ಟೆ ಖಾಲಿ ಮಾಡಿದರು, ಅಮ್ಮ ಉಳಿಸಿದ ಅನ್ನವನ್ನೂ ಹಾಕಿಕೊಂಡರು.

ನಾನು ಲೌಂಜ್ ಬಿಟ್ಟಿಲ್ಲ. ಒಬ್ಬನೇ ಇದ್ದಾಗ ಹೋಗ್ತೀನಿ, ಅದೂ ಕೈಯಲ್ಲಿ ಒಂದೂವರೆ ಗಂಟೆ ಇದ್ದರೆ. ಮುಕ್ಕಾಲು ಗಂಟೆ ಇದ್ದರೆ ಗೇಟಿನ ಹತ್ತಿರ ಒಂದು ಕಾಫಿ ಸಾಕು. ತೀರಾ ಬೇಗ ಹೋದರೂ ಕಷ್ಟ, ಬಹಳ ಕಡೆ ವಿಮಾನ ಹೊರಡುವ ಮೂರು ಗಂಟೆ ಮೊದಲು ಒಳಗೆ ಬಿಡೋದಿಲ್ಲ. ಹೊರಡುವ ಹಿಂದಿನ ರಾತ್ರಿ ಬ್ಯಾಂಕಿನ ಆ್ಯಪ್‌ನಲ್ಲಿ ಅರ್ಹತೆ ಇದೆಯಾ ಅಂತ ನೋಡ್ತೀನಿ, ಲೌಂಜ್ ನನ್ನ ಟರ್ಮಿನಲ್‌ನಲ್ಲೇ ಇದೆಯಾ ಅಂತಲೂ. ಒಂದು ಟರ್ಮಿನಲ್‌ನ ಸೆಕ್ಯುರಿಟಿ ದಾಟಿದ ಮೇಲೆ ಇನ್ನೊಂದಕ್ಕೆ ಹೋಗೋದು ಕನಸಿನ ಮಾತು. ಫೋನಿನಲ್ಲಿರುವ ಕಾರ್ಡಿನ ಫೋಟೊ ನಡೆಯೋದಿಲ್ಲ, ಕಾರ್ಡೇ ಬೇಕು ಅನ್ನೋದನ್ನೂ ಒಮ್ಮೆ ಕಲಿತಿದ್ದೀನಿ. ಅಪ್ಪ ಅಮ್ಮ ಜೊತೆಗಿದ್ದರೆ ಮಾತ್ರ ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗ್ತೀವಿ. ಸೆಕ್ಯುರಿಟಿಯವರು ಏನೂ ಅನ್ನೋದಿಲ್ಲ. ಇನ್ಸುಲಿನ್, ಅದರ ಚೀಟಿ, ನಾಲ್ಕು ಗ್ಲೂಕೋಸ್ ಪ್ಯಾಕೆಟ್ ಅಮ್ಮನ ಕೈಚೀಲದಲ್ಲೇ ಇರುತ್ತೆ, ಚೆಕ್-ಇನ್ ಬ್ಯಾಗಿಗೆ ಹಾಕೋದಿಲ್ಲ. ಶೂ ಇನ್ನೂ ಡಬ್ಬಿಯಲ್ಲೇ ಇದೆ.

ಪೇಡಾ ಒಂದು ಡಬ್ಬಿ ಕಡಿಮೆ ಬಿದ್ದಿದ್ದಕ್ಕೆ ಅಮ್ಮ ಎದುರು ಮನೆಯವರಿಗೆ ಗಂಗಾಜಲದ ಜೊತೆ ತೆಂಗಿನಕಾಯಿ ಕೊಟ್ಟು ಸರಿದೂಗಿಸಿದಳು. ಅಪ್ಪನ ಲೆಕ್ಕ ಮಾತ್ರ ಇನ್ನೂ ಸರಿಹೋಗಿಲ್ಲ. ಅವತ್ತು ಕಾರ್ಡ್ ಸ್ವೈಪ್ ಆಯಿತು, ದುಡ್ಡು ಕಟ್ಟಾಯಿತು, ಅವರು ಒಳಗೆ ಕಾಲಿಡಲಿಲ್ಲ. ಭಾನುವಾರ ಫೋನ್ ಮಾಡಿದಾಗ ಈಗಲೂ ಒಮ್ಮೊಮ್ಮೆ ಕೇಳ್ತಾರೆ:

"ಟಿಕೆಟ್ ಹರಿದಿದಾರೆ, ಪ್ರಯಾಣ ಮಾಡಿಲ್ಲ. ನನ್ನ ಎರಡು ರೂಪಾಯಿ ಏನಾಯ್ತೋ?"