ಬೀಳುವ ವಿದ್ಯೆ

ಹಿಮವನ್ನು ಕಣ್ಣಿನಿಂದ ಕಾಣದೆಯೇ ಹಿಮದ ವರ್ಣನೆಯನ್ನು ಪಾಠ ಹೇಳುವ ಧೈರ್ಯ ಕನ್ನಡ ಅಧ್ಯಾಪಕರಿಗಲ್ಲದೆ ಬೇರಾರಿಗೂ ಇರಲಾರದು. ಕಾವ್ಯದಲ್ಲಿ ಹಿಮಾಲಯದ ಪ್ರಸ್ತಾಪ ಬಂದಾಗಲೆಲ್ಲ ಕಣ್ಣನ್ನು ಅರೆಮುಚ್ಚಿ, ಕೈಯನ್ನು ಗಾಳಿಯಲ್ಲಿ ಆಡಿಸಿ, ಧವಳರಾಶಿಯನ್ನು ಬಣ್ಣಿಸುತ್ತ ನಾನು ಹತ್ತು ವರ್ಷಗಳನ್ನು ಕಳೆದಿದ್ದೇನೆ. ನಮ್ಮೂರಿನಲ್ಲಿ ನಾನು ಕಂಡದ್ದು ಇಬ್ಬನಿ, ಕಾವಳ, ಅಪರೂಪಕ್ಕೊಮ್ಮೆ ಆಲಿಕಲ್ಲು. ಇವಕ್ಕೆಲ್ಲ ನಮ್ಮಲ್ಲಿ ಮನೆಯ ಮಾತುಗಳಿವೆ. ಹತ್ತಿಯಂತೆ ಇಳಿದು ನೆಲವನ್ನು ಮುಚ್ಚುವ ಪದಾರ್ಥಕ್ಕೆ ಮಾತ್ರ ಸಂಸ್ಕೃತದಿಂದ ‘ಹಿಮ’ವನ್ನು ಕಡ ತಂದುಕೊಂಡಿದ್ದೇವೆ. ಕಾಣದ ವಸ್ತುವಿಗೆ ಕಡದ ಮಾತು ಸಾಕಲ್ಲವೆ?

ಕಳೆದ ಜನವರಿಯಲ್ಲಿ ಆ ಕಡವನ್ನು ತೀರಿಸುವ ಯೋಗ ಬಂದಿತು. ನನ್ನ ತಮ್ಮ ಕಜಾಕಸ್ತಾನದ ಅಲ್ಮಾಟಿ ನಗರದಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದಾನೆ. ಅವನ ಓದಿಗಾಗಿ ತಂದೆಯವರು ಅಡಿಕೆ ತೋಟದ ಮೇಲೆ ಸಾಲ ಮಾಡಿದ್ದರು. ಕೆಲವು ತಿಂಗಳುಗಳಿಂದ ದೂರವಾಣಿಯಲ್ಲಿ ಅವನ ಮಾತು ಮೊಟಕಾಗುತ್ತ ಬಂದಿತ್ತು. “ಒಮ್ಮೆ ಹೋಗಿ ನೋಡಿಕೊಂಡು ಬಾ” ಎಂದರು ತಾಯಿಯವರು. ಸಂಕ್ರಾಂತಿ ಕಳೆದ ಮೇಲೆ ರಜೆ ಹಾಕಿ, ಎಳ್ಳುಬೆಲ್ಲದ ಡಬ್ಬಿಯೊಂದನ್ನು ಚೀಲದಲ್ಲಿಟ್ಟುಕೊಂಡು, ದೆಹಲಿಯಿಂದ ವಿಮಾನವೇರಿದೆ.

ಅಲ್ಮಾಟಿ 1997ರವರೆಗೆ ಆ ದೇಶದ ರಾಜಧಾನಿಯಾಗಿದ್ದ ಊರು. ಈಗಲೂ ಅಲ್ಲಿನ ಅತ್ಯಂತ ದೊಡ್ಡ ನಗರ. ತಿಯಾನ್ ಶಾನ್ ಪರ್ವತಶ್ರೇಣಿಯ ಉತ್ತರದ ಗೋಡೆ ಅದರ ಬೆನ್ನಿಗೇ ನಿಂತಿದೆ. ಬೀದಿಯ ತುದಿಯಲ್ಲಿ ಕಣ್ಣೆತ್ತಿದರೆ ಶಿಖರ. ಇಪ್ಪತ್ತು ಲಕ್ಷಕ್ಕೂ ಮಿಕ್ಕ ಜನರಿರುವ ಈ ನಗರದಿಂದ ಕೇವಲ 25 ಕಿಲೋಮೀಟರ್ ದೂರದಲ್ಲಿ ಶಿಂಬುಲಾಕ್ ಎಂಬ ಸ್ಕೀ ತಾಣವಿದೆ. ಅಲ್ಲಿಗೆ ಹೊರಡಲು ಯಾತ್ರೆಯ ಸನ್ನಾಹವೇನೂ ಬೇಕಿಲ್ಲ; ನಗರದ ಬಸ್ಸು ಬೆಟ್ಟದ ಬುಡಕ್ಕೆ ಒಯ್ದು ಇಳಿಸುತ್ತದೆ. ನಮ್ಮವರು ಕೊಡೆ ಹಿಡಿದು ಬಸ್ಸು ಹತ್ತುವಷ್ಟೇ ಸಹಜವಾಗಿ ಅಲ್ಲಿಯ ಹುಡುಗರು ಆಳೆತ್ತರದ ಸ್ಕೀ ಹಲಗೆಗಳನ್ನು ಹೆಗಲಿಗಾನಿಸಿಕೊಂಡು ಬಸ್ಸು ಹತ್ತುತ್ತಾರೆ.

ಬಸ್ಸು ನಿಂತದ್ದು ಮೆಡೆಉ ಎಂಬಲ್ಲಿ. ಸಮುದ್ರಮಟ್ಟದಿಂದ 1,691 ಮೀಟರ್ ಎತ್ತರದಲ್ಲಿ ಅಲ್ಲೊಂದು ಪ್ರಸಿದ್ಧವಾದ ಮಂಜುಗಡ್ಡೆಯ ಜಾರುಕಣವಿದೆ. ಬಸ್ಸಿನಿಂದ ಇಳಿದು ದಾರಿಯ ಅಂಚಿನ ಹಿಮದ ಮೇಲೆ ಕಾಲಿಟ್ಟೊಡನೆ, ಬೂಟಿನ ಕೆಳಗೆ ಹುರಿಗಡಲೆ ಅಗಿದಂತೆ ಸದ್ದಾಯಿತು. ಹಿಮಕ್ಕೆ ಸದ್ದುಂಟೆಂಬುದನ್ನು ನಾನು ಯಾವ ತರಗತಿಯಲ್ಲಿಯೂ ಹೇಳಿರಲಿಲ್ಲ.

ಮೆಡೆಉವಿನಿಂದ ಶಿಂಬುಲಾಕಿಗೆ ನಾಲ್ಕೂವರೆ ಕಿಲೋಮೀಟರ್ ಉದ್ದದ ತೂಗುತೊಟ್ಟಿಲ ದಾರಿಯಿದೆ. ಗಾಜಿನ ತೊಟ್ಟಿಲಲ್ಲಿ ನಾವಿಬ್ಬರೇ ಕುಳಿತೆವು. ಸ್ವಲ್ಪ ಮೇಲಕ್ಕೇರುತ್ತಲೇ ಕಣಿವೆಗೆ ಅಡ್ಡಲಾಗಿ ದೊಡ್ಡದೊಂದು ಒಡ್ಡು ಕಾಣಿಸಿತು. ನೀರೇ ಇಲ್ಲದ ಅಣೆಕಟ್ಟು! ತಮ್ಮ ಅದರ ಕಥೆಯನ್ನು ಹೇಳಿದ. ಬೆಟ್ಟದ ಮೇಲಣ ಹಿಮನದಿಗಳ ಬಳಿ ಕರಗಿದ ನೀರು ಕೆರೆಗಟ್ಟುತ್ತದೆ. ಅದು ಒಡೆದರೆ ಬಂಡೆ, ಮಣ್ಣು, ಮರಗಳೆಲ್ಲ ಒಂದಾಗಿ ಕೆಸರಿನ ಪ್ರವಾಹ ಕಣಿವೆಯಲ್ಲಿ ಧುಮುಕುತ್ತದೆ. 1921ರ ಜುಲೈ ತಿಂಗಳ ಒಂದು ರಾತ್ರಿ ಭಾರಿ ಮಳೆ ಸುರಿದು ಅಂಥದೇ ಪ್ರವಾಹ ನಗರಕ್ಕೆ ನುಗ್ಗಿ ಸುಮಾರು 500 ಜನರನ್ನು ಕೊಂದಿತು. ಅದಕ್ಕಾಗಿಯೇ 1966 ಮತ್ತು 1967ರಲ್ಲಿ ಬೆಟ್ಟದ ಪಕ್ಕಗಳನ್ನು ಸಿಡಿಮದ್ದಿನಿಂದ ಸಿಡಿಸಿ ಈ ಒಡ್ಡನ್ನು ಎಬ್ಬಿಸಿದರು. 1973ರ ಜುಲೈಯಲ್ಲಿ ಹಿಮನದಿಯ ಕೆರೆ ಒಡೆದೇ ಒಡೆಯಿತು. ಒಡ್ಡಿನ ಮೇಲುಗಡೆ ಇದ್ದ ಪ್ರವಾಸಿಗಳಲ್ಲಿ ಹಲವರು ಸತ್ತರು. ಆದರೆ ಒಡ್ಡು ತಡೆದು ನಿಂತಿತು, ನಗರ ಉಳಿಯಿತು.

“ಎಷ್ಟೋ ದಿನದಿಂದ ಮೇಲೆ ತುಂಬಿಕೊಂಡದ್ದು ಒಂದೇ ಸಲ ಒಡೆಯಿತು, ಅಣ್ಣ” ಎಂದು ಅವನು ಸುಮ್ಮನಾದ. ಬಳಿಕ ಗಾಜಿನ ಆಚೆಗೆ ನೋಡುತ್ತಲೇ, “ಹೋದ ವರ್ಷ ನಾನು ಫೇಲಾದೆ” ಎಂದ.

ಎದ್ದುಹೋಗಲು ದಾರಿಯಿಲ್ಲದ ಜಾಗವನ್ನು ನೋಡಿಯೇ ಅವನು ಮಾತು ತೆಗೆದಿದ್ದನೇನೋ. ಪಾಠ ಇಂಗ್ಲಿಷಿನಲ್ಲಿ, ಆಸ್ಪತ್ರೆಯಲ್ಲಿ ರೋಗಿಗಳ ಮಾತು ರಷ್ಯನ್, ಇಲ್ಲವೆ ಕಜಾಕ್. ನೋವು ಎಲ್ಲಿ ಎಂದು ರೋಗಿ ಹೇಳಿದರೂ ತನಗೆ ತಿಳಿಯದು, ನಾಚಿಕೆಯಿಂದ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟೆ, ವರ್ಷ ಕಳೆದುಹೋಯಿತು, ಈಗ ಮತ್ತೆ ಅದೇ ತರಗತಿಯಲ್ಲಿದ್ದೇನೆ, ಮನೆಗೆ ತಿಳಿಸುವ ಧೈರ್ಯ ಬರಲಿಲ್ಲ ಎಂದ. ನಾನು ತಂದೆಯವರ ತೋಟವನ್ನೆತ್ತಿ ಒಂದು ಮಾತನ್ನಾಡಿದೆ. ಆ ಮಾತನ್ನು ಇಲ್ಲಿ ಬರೆಯಲಾರೆ. ಉಳಿದ ದಾರಿಯುದ್ದಕ್ಕೂ ತೊಟ್ಟಿಲು ತಂತಿಯ ಮೇಲೆ ಉರುಳುವ ಸದ್ದೊಂದೇ ಕೇಳಿಸುತ್ತಿತ್ತು.

ಶಿಂಬುಲಾಕ್ ಇರುವುದು 2,260 ಮೀಟರ್ ಎತ್ತರದಲ್ಲಿ. ಅಲ್ಲಿಂದಲೂ ಮೇಲಕ್ಕೆ, ಸುಮಾರು 3,200 ಮೀಟರಿನ ತಲ್ಗರ್ ಕಣಿವೆದಾರಿಯವರೆಗೆ ತೂಗುದಾರಿಗಳಿವೆ. ನಿಪುಣರು ಅಲ್ಲಿಂದ ಹಕ್ಕಿಗಳಂತೆ ಇಳಿದು ಬರುತ್ತಾರೆ. ನನಗಾದರೋ ಬಾಡಿಗೆಯ ಬೂಟಿನೊಳಗೆ ಕಾಲು ತೂರಿಸುವುದೇ ಪರ್ವತಾರೋಹಣವಾಯಿತು. ಅದು ಬೂಟಲ್ಲ, ಕಾಲಿಗೆ ಹಾಕಿದ ಕಬ್ಬಿಣದ ಕೋಳ. ಮುಂಗಡವಾಗಿ ಹಣ ಕಟ್ಟಿ ಗೊತ್ತುಮಾಡಿದ್ದ ಶಿಕ್ಷಕರು ಅರವತ್ತು ದಾಟಿದ ಮುದುಕರು. ರಷ್ಯನ್ ಹೊರತು ಬೇರೆ ಮಾತನ್ನು ಅರಿಯರು. ಮಾತು ಬಿಟ್ಟಿದ್ದ ನಾನು ತಮ್ಮನನ್ನೇ ದುಭಾಷಿಯನ್ನಾಗಿ ಮಾಡಿಕೊಳ್ಳಬೇಕಾಯಿತು.

“ಮೊದಲು ಬೀಳುವುದನ್ನು ಕಲಿಯಬೇಕಂತೆ” ಎಂದ ತಮ್ಮ. ರಷ್ಯನ್ನಿನಲ್ಲಿ ಬೀಳುವುದಕ್ಕೆ ‘ಪಾದತ್’ ಎನ್ನುತ್ತಾರೆ. ನಮ್ಮ ‘ಪಾದ’ಕ್ಕೂ ಇದಕ್ಕೂ ನಂಟಿರಬೇಕೆಂದು ನಾನು ಯೋಚಿಸುತ್ತಿದ್ದಂತೆಯೇ ಪಾದ ಜಾರಿ ಅರ್ಥ ಸ್ಪಷ್ಟವಾಯಿತು. ಮುಂದಕ್ಕೆ ಮುಗ್ಗರಿಸಬಾರದು, ಪಕ್ಕಕ್ಕೆ, ಸೊಂಟದ ಮೇಲೆ ಕುಳಿತಂತೆ ಬೀಳಬೇಕು. ಏಳುವಾಗ ಹಲಗೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟುಕೊಳ್ಳಬೇಕು. ಇಲ್ಲವಾದರೆ ಎದ್ದೊಡನೆಯೇ ಮತ್ತೆ ಜಾರುತ್ತೇವೆ. ಬಿದ್ದು ಏಳುವುದು ಬಂದ ಮೇಲೆಯೇ ಹಲಗೆಗಳ ಮುಂದುಗಡೆಯನ್ನು ಕೂಡಿಸಿ, ಹಿಂದುಗಡೆಯನ್ನು ಅಗಲಿಸಿ ವೇಗವನ್ನು ತಡೆಯುವ ಪಾಠ. ಐದಾರು ವರ್ಷದ ಮಕ್ಕಳು ನನ್ನ ಸುತ್ತ ಸುಳಿದು ಸಾಗುತ್ತಿರಲು, ನಾನು ಏಳು ಸಲ ಬಿದ್ದೆ. ಏಳು ಸಲವೂ ಕೈಕೊಟ್ಟು ಎಬ್ಬಿಸಿದವನು ತಮ್ಮನೇ. ಒಮ್ಮೆಯೂ ನಗಲಿಲ್ಲ.

ವಿಶ್ರಾಂತಿಗೆಂದು ಬೆಂಚಿನ ಮೇಲೆ ಕುಳಿತಾಗ ಮುದುಕರು ತಮ್ಮ ಬಲ ಮೊಣಕಾಲನ್ನು ಉಜ್ಜಿಕೊಳ್ಳುತ್ತಿದ್ದರು. ತಮ್ಮ ಏನನ್ನೋ ಕೇಳಿದ. ಅವರು ಉತ್ತರಿಸಿದರು. ಅವನು ಕೈಗವುಸು ಕಳಚಿ, ಹಿಮದಲ್ಲಿಯೇ ಮಂಡಿಯೂರಿ, ಆ ಮೊಣಕಾಲನ್ನು ಅಲ್ಲಲ್ಲಿ ಮೆಲ್ಲಗೆ ಒತ್ತುತ್ತ, ಮತ್ತೆ ಮತ್ತೆ ಕೇಳುತ್ತಿದ್ದ. ಮುದುಕರು ಮನೆಯ ಹುಡುಗನಿಗೆಂಬಂತೆ ತಮ್ಮ ನೋವನ್ನು ಹೇಳಿಕೊಳ್ಳುತ್ತಿದ್ದರು. ಆ ಸಂಭಾಷಣೆಯ ಒಂದು ಮಾತೂ ನನಗೆ ತಿಳಿಯಲಿಲ್ಲ, ತಿಳಿಯಬೇಕಾದದ್ದು ತಿಳಿಯಿತು. ಫೇಲಾದ ಹುಡುಗನ ವರ್ಷ ಎಲ್ಲಿ ಹೋಯಿತೆಂಬ ಲೆಕ್ಕ ನನ್ನ ಕಣ್ಣೆದುರಿಗೇ ಇತ್ತು. ಚೀಲದಿಂದ ಡಬ್ಬಿಯನ್ನು ತೆಗೆದು ಇಬ್ಬರ ಕೈಗೂ ಎಳ್ಳುಬೆಲ್ಲ ಹಾಕಿದೆ. ಸಂಕ್ರಾಂತಿಯಂದು ನಾವು ಆಡುವ ಮಾತು ಏನೆಂಬುದು ತಮ್ಮನಿಗೆ ಗೊತ್ತು. ನಾನು ಬಾಯಿಬಿಟ್ಟು ಹೇಳಲಿಲ್ಲ.

ಸಂಜೆ ಇಳಿಯುವಾಗ ನಗರ ಕಾಣಿಸಲಿಲ್ಲ. ಚಳಿಗಾಲದಲ್ಲಿ ಕಲ್ಲಿದ್ದಲಿನ ಹೊಗೆ ಬೆಚ್ಚನೆಯ ಗಾಳಿಯ ಕೆಳಗೆ ಸಿಕ್ಕಿಕೊಂಡು ಊರಿನ ಮೇಲೆ ಕಂದು ಕಂಬಳಿಯಂತೆ ಹರಡಿರುತ್ತದೆ. ಒಡ್ಡಿನ ಮೇಲೆ ತೊಟ್ಟಿಲು ತೇಲುತ್ತಿರುವಾಗ, “ಅಪ್ಪನಿಗೆ ನಾನೇ ಹೇಳುತ್ತೇನೆ” ಎಂದೆ.

ಅಂದು ರಾತ್ರಿ ಹೇಳಿದೆ. ಅತ್ತ ಕಡೆ ಬಹಳ ಹೊತ್ತು ಮಾತಿಲ್ಲ. ಕೊನೆಗೆ ತಂದೆಯವರು ಕೇಳಿದ್ದು ಇಷ್ಟೆ: “ಅಲ್ಲಿ ಚಳಿ ಹೆಚ್ಚೇ? ಅವನಿಗೆ ಬೆಚ್ಚನೆಯ ಬಟ್ಟೆ ಇದೆಯೇ, ನೋಡು.”

ಈಗಲೂ ತರಗತಿಯಲ್ಲಿ ಹಿಮಾಲಯ ಬರುತ್ತದೆ. ಈಗ ನನ್ನ ಕೈ ಗಾಳಿಯಲ್ಲಿ ಆಡುವುದಿಲ್ಲ. ನನಗರಿವಿಲ್ಲದೆಯೇ ಸೊಂಟದ ಮೇಲಕ್ಕೆ ಹೋಗುತ್ತದೆ. ವಿದ್ಯಾರ್ಥಿಗಳು ನಗುತ್ತಾರೆ. ಪರೀಕ್ಷೆಯಲ್ಲಿ ತಪ್ಪಿದವರು ಯಾರಾದರೂ ಹಿಂದಿನ ಬೆಂಚಿನಲ್ಲಿ ನಗದೆ ಕುಳಿತಿದ್ದರೆ, ಪಾಠ ಮುಗಿದ ಮೇಲೆ ಅವರನ್ನು ಕರೆದು ಒಂದೆರಡು ಮಾತನಾಡುತ್ತೇನೆ.