ಹೊನ್ನೆ ಮತ್ತು ರಕ್ತಚಂದನ

ನಾವು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ, ಯಾರಿಗಾದರೂ ಬಾವು ಬಂದರೆ ಹಿರಿಯರು ರಕ್ತಚಂದನದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯ್ದು ಲೇಪಿಸುತ್ತಿದ್ದರು. ಬಣ್ಣವಿತ್ತು, ಪರಿಮಳವಿರಲಿಲ್ಲ. ಹೆಸರಿನಲ್ಲಿ ಚಂದನವಿದ್ದರೂ ಅದು ಶ್ರೀಗಂಧದ ಬಂಧುವಲ್ಲ, ನಮ್ಮ ಹೊಲದಂಚಿನ ಹೊನ್ನೆಯ ಒಡಹುಟ್ಟು ಎಂಬ ಸಂಗತಿ ನಮಗೆ ತಿಳಿದುದು ಬಹಳ ತಡವಾಗಿ.

ಸಸ್ಯಶಾಸ್ತ್ರಜ್ಞರು ಇವೆರಡನ್ನೂ ಟೆರೋಕಾರ್ಪಸ್ ಎಂಬ ಒಂದೇ ಕುಲದಲ್ಲಿ ಇರಿಸಿದ್ದಾರೆ. ರೆಕ್ಕೆಯುಳ್ಳ ಕಾಯಿ ಎಂಬುದು ಆ ಹೆಸರಿನ ಅರ್ಥ. ಎರಡರ ಹೂವೂ ಹಳದಿ, ಕಾಯಿಯೂ ದುಂಡಗೆ ಚಪ್ಪಟೆ. ರಕ್ತಚಂದನದ ಎಲೆಯಲ್ಲಿ ಸಾಮಾನ್ಯವಾಗಿ ಮೂರು ಕಿರುಎಲೆಗಳು; ಹೊನ್ನೆಯಲ್ಲಿ ಐದರಿಂದ ಏಳು. ಮೊದಲನೆಯದರ ತಿರುಳು ಕಡುಗೆಂಪು. ಎರಡನೆಯದರದು ಹೊಂಬಣ್ಣ ಬೆರೆತ ಕಂದು.

ರಕ್ತಚಂದನದ ತವರು ಕಿರಿದು. ಆಂಧ್ರದ ಶೇಷಾಚಲವೇ ಮೊದಲಾದ ಒಣ ಕಲ್ಲುಬೆಟ್ಟಗಳೇ ಅದರ ಮುಖ್ಯ ನೆಲೆ. ಕಳ್ಳಸಾಗಣೆಯಿಂದ ನಲುಗಿದ ಈ ಮರವನ್ನು 1995ರಲ್ಲಿ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅದು ಅಳಿವಿನಂಚಿನ ಮರ. ಹೊನ್ನೆಯಾದರೋ ಪಶ್ಚಿಮ ಘಟ್ಟದಿಂದ ಮಧ್ಯಭಾರತದವರೆಗೂ ಹಬ್ಬಿದೆ, ಶ್ರೀಲಂಕೆಯಲ್ಲಿಯೂ ಇದೆ. ಆದುದರಿಂದ ಅದೇ ಪಟ್ಟಿಯಲ್ಲಿ ಅದಕ್ಕೆ ಅಪಾಯದ ಸಮೀಪದಲ್ಲಿರುವ ಮರವೆಂಬ, ತುಸು ಸೌಮ್ಯವಾದ ಸ್ಥಾನ. ಒಂದಕ್ಕೆ ಕಾವಲುಗಾರರಿದ್ದಾರೆ, ಇನ್ನೊಂದನ್ನು ಬಾಗಿಲಿಗೆ, ಬಂಡಿಗೆ, ಮಧುಮೇಹದವರು ನೀರು ಕುಡಿಯುವ ಲೋಟಕ್ಕೆ ಸದ್ದಿಲ್ಲದೆ ಕಡಿಯುತ್ತೇವೆ. ಎಲ್ಲೆಡೆಯೂ ಇರುವುದು ಎಂದೆಂದಿಗೂ ಇರುತ್ತದೆಂಬ ಭ್ರಮೆ ನಮ್ಮದು.

ಇದನ್ನು ಪರರ ಮೇಲೆ ಹೊರಿಸಿ ಹೇಳುತ್ತಿಲ್ಲ. ನಮ್ಮ ಮನೆಯ ಹೆಬ್ಬಾಗಿಲು ಹೊನ್ನೆಯದೇ. ನಮ್ಮ ತಂದೆಯವರು ಆ ಮರವನ್ನು ಕಡಿಸಿದ ದಿನ ಕೊಡಲಿಯ ಗಾಯದಿಂದ ಒಸರಿದ ಕೆಂಪು ಅಂಟನ್ನು ಕಂಡು ನಾವು ಹಿಂದೆ ಸರಿದಿದ್ದೆವು. ಇತ್ತೀಚೆಗೆ ಮೊಮ್ಮಗಳು ಬಾಗಿಲನ್ನು ಸವರುತ್ತಾ, "ತಾತಾ, ಈ ಮರ ಎಲ್ಲಿತ್ತು? ಅಲ್ಲಿ ಈಗ ಏನಿದೆ?" ಎಂದು ಕೇಳಿದಳು. ಅಲ್ಲಿ ಬರಿಯ ಬದುವಿದೆ. ಕಾಯಕ, ದಾಸೋಹಗಳ ಕುರಿತು ದಶಕಗಳ ಕಾಲ ಉಪನ್ಯಾಸ ಮಾಡಿದ ನಾವು ತಲೆತಗ್ಗಿಸಿದೆವು. ಪಡೆದುದಕ್ಕೆ ಪ್ರತಿಯಾಗಿ ಏನನ್ನೂ ಸಲ್ಲಿಸದಿರುವಾಗ ಅದೆಂತಹ ದಾಸೋಹ?

ಕಳೆದ ಮುಂಗಾರಿನಲ್ಲಿ ಅದೇ ಬದುವಿನ ಮೇಲೆ ನಾಲ್ಕು ಹೊನ್ನೆಯ ಸಸಿಗಳನ್ನು ನೆಟ್ಟೆವು. ಎಳೆಯ ಎಲೆ ದನಗಳಿಗೆ ಬಲು ಪ್ರಿಯವಾದುದರಿಂದ ಮುಳ್ಳಿನ ಬೇಲಿ ಕಟ್ಟಬೇಕಾಯಿತು. ಒಂದು ಬಾಡಿತು, ಮೂರು ಉಳಿದಿವೆ. ಅವು ತಿರುಳುಗೊಳ್ಳುವುದನ್ನು ನೋಡುವ ಆಯುಷ್ಯ ನಮಗಿಲ್ಲ. ನೀರೆರೆಯುವ ಕಾಯಕವನ್ನು ಮೊಮ್ಮಗಳು ವಹಿಸಿಕೊಂಡಿದ್ದಾಳೆ.

ಮನೆ ಕಟ್ಟಿಸುವ ಶರಣ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ: ಬಾಗಿಲು ಹೊನ್ನೆಯದಾಗಿದ್ದರೆ, ಗೃಹಪ್ರವೇಶದ ದಿನವೇ ಒಂದು ಹೊನ್ನೆಯ ಸಸಿಯನ್ನೂ ನೆಡಿರಿ.