ಬೋಟು ನಿಂತ 61 ದಿನ, 61 ಅಧ್ಯಾಯ

ಬೈಬಲ್ ಓದುವ ಪ್ಲಾನುಗಳಿಗೇನೂ ಬರಗಾಲ ಇಲ್ಲ. ಮೊಬೈಲ್ ತೆರೆದರೆ ಒಂದು ವರ್ಷದ್ದು, 90 ದಿನದ್ದು, ಹೊಸ ಒಡಂಬಡಿಕೆ ಮಾತ್ರದ್ದು ಅಂತ ಸಾಲುಸಾಲು ಸಿಗ್ತವೆ. ತದಡಿಯ ನಮ್ಮ ಮನೆಗೆ ಬೇಕಾಗಿದ್ದು ಸ್ವಲ್ಪ ಬೇರೆ. ಓದುವವಳು ನಾನು, ಕೇಳುವವರು ನನ್ನ ಅತ್ತೆ. ಅವರಿಗೆ 76 ವರ್ಷ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲಿ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದವರು. ಈಗ ಕಣ್ಣಿನ ನರ ಸೋತು ದೊಡ್ಡ ಅಕ್ಷರವೂ ಕಾಣುವುದಿಲ್ಲ. “ಬೈಬಲ್ ಒಮ್ಮೆ ಪೂರ್ತಿ ಕೇಳ್ಬೇಕು” ಅನ್ನುವುದು ಅವರ ಆಸೆ. ಪೂರ್ತಿ ಅಂದರೆ ಎಷ್ಟು ಅಂತ ನಾನು ಲೆಕ್ಕಕ್ಕೆ ಕೂತೆ.

ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕ, 1189 ಅಧ್ಯಾಯ. ನಮ್ಮ ಕಥೋಲಿಕರದ್ದರಲ್ಲಿ ತೊಬೀತ, ಯೂದಿತ, ಮಕ್ಕಬಿಯರು ಎಲ್ಲ ಸೇರಿ 73 ಪುಸ್ತಕ, ಅಧ್ಯಾಯ ಇನ್ನೂ ಜಾಸ್ತಿ. ವರ್ಷದೊಳಗೆ ಮುಗಿಯಬೇಕಾದರೆ ದಿನಕ್ಕೆ ಹತ್ತಿರ ಹತ್ತಿರ ನಾಲ್ಕು ಅಧ್ಯಾಯ. ದಿನಕ್ಕೊಂದೇ ಸಾಕು ಅಂದರೆ ಮೂರೂವರೆ ವರ್ಷಕ್ಕೂ ಮೇಲೆ. ಹೇಳಿದ್ದಕ್ಕೆ ಮಾಂಯ್ ನಕ್ಕರು. (ನಮ್ಮದು ಮನೆಯಲ್ಲಿ ಕೊಂಕಣಿ, ಅತ್ತೆಯನ್ನು ಹಾಗೇ ಕರೆಯುವುದು.) “ಅಷ್ಟು ದಿನ ನಾನಿರ್ತೇನಾ ಅಂತ ದೇವರ ಹತ್ರ ಕೇಳ್ಕೊಂಡು ಬಾ” ಅಂದರು. ತಮಾಷೆಗೇ ಅಂದದ್ದು. ಆದರೆ ಆಮೇಲೆ ಯಾವ ಪ್ಲಾನು ನೋಡಿದರೂ ನನಗೆ ಮೊದಲು ಕಾಣುತ್ತಿದ್ದದ್ದು ಆ ಮಾತೇ.

ಮೊದಲಿಂದ ಕೊನೆವರೆಗೆ ಒಂದೇ ಓಟದಲ್ಲಿ ಓದುವ ಪ್ಲಾನಿನಲ್ಲಿ ಯೇಸುವಿನ ಹುಟ್ಟಿಗೆ ಬರುವಷ್ಟರಲ್ಲಿ ವರ್ಷದ ಮುಕ್ಕಾಲು ಭಾಗ ಕಳೆದಿರುತ್ತದೆ. ಅದಕ್ಕೂ ಮುಂಚೆ ಯಾಜಕಕಾಂಡ ದಾಟಬೇಕು. ಯಾವ ಬಲಿಗೆ ಯಾವ ಪ್ರಾಣಿ, ಕೊಬ್ಬನ್ನು ಏನು ಮಾಡಬೇಕು ಅಂತ ಅಧ್ಯಾಯಗಟ್ಟಲೆ ಇರುವುದನ್ನು ಕಣ್ಣಲ್ಲಿ ಓದುವವರು ಬೇಗ ಸರಿಸಬಹುದು. ಕಿವಿಯಲ್ಲಿ ಕೇಳುವವರಿಗೆ ಅದು ಆಗುವುದಿಲ್ಲ. 1842ರಲ್ಲಿ ಸ್ಕಾಟ್ಲೆಂಡಿನ ಡಂಡೀ ಊರಿನ ಪಾದ್ರಿ ರಾಬರ್ಟ್ ಮರೆ ಮೆಕ್‌ಶೇನ್ ತನ್ನ ಸಭೆಯವರಿಗೆ ಮಾಡಿಕೊಟ್ಟ ಕ್ರಮ ಇಂದಿಗೂ ಬಳಕೆಯಲ್ಲಿದೆ. ದಿನಕ್ಕೆ ನಾಲ್ಕು ಕಡೆಯಿಂದ ಒಂದೊಂದು ಅಧ್ಯಾಯ. ವರ್ಷದಲ್ಲಿ ಹಳೆ ಒಡಂಬಡಿಕೆ ಒಮ್ಮೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡೆರಡು ಸಲ. ಬೇಸರ ಬಾರದ ಹಾಗೆ ಮಾಡಿದ್ದು ಹೌದು. ಆದರೆ ನಾಲ್ಕು ಕಥೆ ಒಟ್ಟಿಗೆ ನಡೆಯುತ್ತಿದ್ದರೆ ಮಾಂಯ್‌ಗೆ ನಿನ್ನೆಯದು ಯಾವುದು ಅಂತಲೇ ನೆನಪಿರುವುದಿಲ್ಲ.

ಪೂಜೆಯ ವಾಚನಗಳನ್ನೇ ಹಿಡಿದರಾಯಿತು ಅಂತ ನನ್ನ ನಾದಿನಿ ಹೇಳಿದಳು. 1969ರಿಂದ ಬಂದ ಕ್ರಮ ಅದು, ಭಾನುವಾರದ್ದು ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಇಡೀ ಲೋಕದ ಇಗರ್ಜಿಗಳಲ್ಲಿ ಅದೇ ಭಾಗ ಓದುತ್ತಾರೆ ಅನ್ನುವುದು ನನಗೂ ಇಷ್ಟ. ಮಾಂಯ್ ಒಪ್ಪಲಿಲ್ಲ. “ಅದು ಮೀನು ತುಂಡು ಮಾಡಿ ಕೊಟ್ಟ ಹಾಗೆ. ನಂಗೆ ಇಡೀ ಮೀನು ನೋಡ್ಬೇಕು.”

ದಾರಿ ತೋರಿಸಿದ್ದು ಗಂಡನ ಕೆಲಸ. ಅವರು ಟ್ರಾಲ್ ಬೋಟಿಗೆ ಹೋಗುವವರು, ಬರುವ ಹೊತ್ತಿಗೆ ಲೆಕ್ಕವಿಲ್ಲ. ನಾನೂ ಬಂದರಿನ ಕೆಲಸ ಮುಗಿಸಿ ಮನೆ ಸೇರಿದರೆ ಓದುವ ಶಕ್ತಿ ಇರುವುದಿಲ್ಲ. ವರ್ಷದಲ್ಲಿ ನಮ್ಮ ಮನೆಗೆ ಗಟ್ಟಿ ಪುರುಸೊತ್ತು ಅಂತ ಇರುವುದು ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಬೋಟುಗಳಿಗೆ ಸರ್ಕಾರದ ನಿಷೇಧ ಇರುವಾಗ. ಅಳಿವೆಯೊಳಗೆ ಸಣ್ಣ ದೋಣಿ ಓಡಾಡುತ್ತಿರುತ್ತವೆ, ಅಷ್ಟೇ. ಆ ದಿನಗಳನ್ನು ಎಣಿಸಿದೆ: 61. ಆಮೇಲೆ ಶುಭಸಂದೇಶಗಳ ಅಧ್ಯಾಯ ಎಣಿಸಿದೆ. ಮಾರ್ಕನದ್ದು 16, ಲೂಕನದ್ದು 24, ಯೊವಾನ್ನನದ್ದು 21. ಕೂಡಿಸಿ ನೋಡಿ! ನಾನು ಎರಡು ಸಲ ಕೂಡಿಸಿದೆ.

ಹಾಗೆ ಕಳೆದ ವರ್ಷ ಜೂನ್ ಒಂದಕ್ಕೆ, ಸಂಜೆ ಜಪಸರ ಮುಗಿದ ಮೇಲೆ ಶುರುಮಾಡಿದೆವು. ಜನವರಿ ಒಂದೇ ಆಗಬೇಕು ಅಂತ ಯಾರೂ ಬರೆದಿಟ್ಟಿಲ್ಲವಲ್ಲ. ಒಂದು ಸಣ್ಣ ಹೊಂದಾಣಿಕೆ ಬೇಕಾಯಿತು. ಅಧ್ಯಾಯಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಲೂಕನ ಮೊದಲನೆಯದರಲ್ಲೇ 80 ವಚನ. ಅದನ್ನು ಎರಡು ದಿನಕ್ಕೆ ಹಂಚಲು ಮಾರ್ಕನ 2 ಮತ್ತು 3 ಒಂದೇ ದಿನ ಓದಿ ಒಂದು ದಿನ ಉಳಿಸಿಕೊಂಡೆವು. ನೀವೂ ಜೋರಾಗಿ ಓದುವವರಾದರೆ ಅಧ್ಯಾಯದ ಜೊತೆಗೆ ವಚನವನ್ನೂ ಎಣಿಸಿಕೊಳ್ಳಿ, ಗಂಟಲು ಉಳೀತದೆ.

ಯೇಸು ಬಿರುಗಾಳಿ ಅಡಗಿಸುವ ಭಾಗ ಬಂದದ್ದು ಜೂನ್ ಮೊದಲ ವಾರ. ಹೊರಗೆ ಮಳೆ ಹೊಡೆಯುತ್ತಿತ್ತು, ಕರೆಂಟಿರಲಿಲ್ಲ, ಮೊಬೈಲಿನ ಬೆಳಕಲ್ಲಿ ಓದಿದೆ. ಅಲ್ಲಿಯವರೆಗೆ ಬಲೆ ಹೊಲಿಯುತ್ತ ಒಂದು ಕಿವಿ ಮಾತ್ರ ಕೊಟ್ಟಿದ್ದ ಗಂಡ ಸೂಜಿ ಕೆಳಗಿಟ್ಟು ಕೂತರು. ಮಾರನೇ ದಿನದಿಂದ ಕೇಳುವವರು ಇಬ್ಬರಾದರು.

ಜುಲೈ 31ಕ್ಕೆ ಬಂದದ್ದು ಯೊವಾನ್ನನ 21ನೇ ಅಧ್ಯಾಯ. ಇದನ್ನು ನಾನು ಹೊಂದಿಸಿದ್ದಲ್ಲ, ಲೆಕ್ಕವೇ ಹಾಗೆ ಬಂತು. ಪೇತ್ರ ಮತ್ತವನ ಜೊತೆಯವರು ರಾತ್ರಿಯಿಡೀ ಬಲೆ ಹಾಕಿ ಏನೂ ಸಿಗದೆ, ಬೆಳಿಗ್ಗೆ ಬಲಗಡೆ ಹಾಕಿದಾಗ 153 ದೊಡ್ಡ ಮೀನು. ದಡದಲ್ಲಿ ಕೆಂಡ, ಮೀನು, ರೊಟ್ಟಿ. 153 ಎಂಬುದಕ್ಕೆ ಪಂಡಿತರು ಏನೇನೋ ಅರ್ಥ ಹೇಳಿದ್ದಾರೆ. ಮಾಂಯ್ ಮಾತ್ರ, “ಪಾಲು ಹಾಕ್ಲಿಕ್ಕೆ ಎಣಿಸಿರ್ತಾರೆ, ಮತ್ತೆಂತಕ್ಕೆ?” ಅಂದರು. ಮಾರನೇ ದಿನವೇ ಬೋಟಿಗೆ ಹೊರಡುವವರ ಮನೆಯಲ್ಲಿ ಆ ಅಧ್ಯಾಯದ ಬಗ್ಗೆ ಮತ್ತೇನು ಮಾತಾಡುವುದಿತ್ತು?

ಆಗಸ್ಟಿಗೆ ಜ್ಞಾನೋಕ್ತಿಗಳು: 31 ದಿನ, 31 ಅಧ್ಯಾಯ. ಆಮೇಲೆ ತಾರೀಕು ಹಾಕುವುದನ್ನು ಬಿಟ್ಟೆ, ಪುಟದ ಗುರುತಿಗೆ ಒಂದು ರಿಬ್ಬನ್ ಸಾಕು. ವಾರದಲ್ಲಿ ಐದು ದಿನ ಸಿಕ್ಕರೂ ದೊಡ್ಡದು. (ಹೊಸ ಒಡಂಬಡಿಕೆ ಮಾತ್ರ ಸಾಕು ಅನ್ನುವವರಿಗೆ ಹೇಳ್ತೇನೆ: ಅದರಲ್ಲಿ 260 ಅಧ್ಯಾಯ, ವಾರಕ್ಕೆ ಐದರಂತೆ ಓದಿದರೆ ಸರಿಯಾಗಿ 52 ವಾರ.) ಪೂರ್ತಿ ಮುಗಿಯುವುದು ಯಾವಾಗ ಅಂತ ಮಾಂಯ್ ಈಗ ಕೇಳುವುದಿಲ್ಲ, ನಾನೂ ಲೆಕ್ಕ ತೆಗೆಯುವುದಿಲ್ಲ.

ಈಗ ಆದಿಕಾಂಡದಲ್ಲಿದ್ದೇವೆ. ನಿನ್ನೆ 40ನೇ ಅಧ್ಯಾಯ. ಜೈಲಿನಿಂದ ಬಿಡುಗಡೆಯಾಗಿ ಹೋದವನು ಯೋಸೇಫನನ್ನು ಮರೆತೇಬಿಟ್ಟ. ನಾಳೆ ಕುಮಟೆಗೆ ಹೋಗ್ಲಿಕ್ಕಿದೆ, ಬರುವಾಗ ತಡ ಆಗ್ತದೆ ಅಂದೆ. “ಹಾಗಾದ್ರೆ ಇನ್ನೊಂದು ಈಗ್ಲೇ ಓದು ಮಗಾ,” ಅಂದರು ಮಾಂಯ್, “ನೀ ಬರುವವರೆಗೆ ಆ ಹುಡುಗ ಜೈಲಲ್ಲೇ ಕೂತಿರ್ಬೇಕಾ?”